ಬಿಸಿಲಿನ ಲೆಕ್ಕ

ಏಪ್ರಿಲ್ ತಿಂಗಳ ನಡುಮಧ್ಯಾಹ್ನ. ಕಣ್ಣು ಬಿಡಲಾಗದ ಬಿಸಿಲು. ತಾರಸಿಯ ಮೇಲೆ ಮೂರು ಕಿಲೋವ್ಯಾಟಿನ ಸೋಲಾರ್ ಪ್ಯಾನೆಲ್‌ಗಳು ಥಳಥಳ ಹೊಳೆಯುತ್ತಿವೆ. ಬೀದಿಯ ಕರೆಂಟು ಹೋಗುತ್ತದೆ. ಅದೇ ಗಳಿಗೆಗೆ ಆ ಮನೆಯ ಫ್ಯಾನೂ ನಿಲ್ಲುತ್ತದೆ. ಲಕ್ಷಗಟ್ಟಲೆ ದುಡ್ಡು ಹಾಕಿದ ಯಜಮಾನರು ಪ್ಯಾನೆಲ್ ಕೂರಿಸಿದವನಿಗೆ ಫೋನ್ ಹಚ್ಚುತ್ತಾರೆ. ಅವನು ‘ಅದು ಹಾಗೇ ಸಾರ್, ಕರೆಂಟು ಬಂದ ಮೇಲೆ ಬರುತ್ತೆ’ ಅನ್ನುತ್ತಾನೆ. ಇವರಿಗೆ ಮೋಸಹೋದೆ ಅನ್ನಿಸುತ್ತದೆ. ಅವನು ಹೇಳಿದ್ದು ನಿಜ. ಆದರೆ ಯಾಕೆ ಹಾಗೆ ಎಂದು ಬಿಡಿಸಿ ಹೇಳಲು ಅವನಿಗೆ ಬಾರದು. ಕೊಳ್ಳುವ ಮೊದಲೇ ಕೇಳಬೇಕಿತ್ತು ಎಂಬುದು ಇವರಿಗೆ ಹೊಳೆದಿರಲಿಲ್ಲ.

ಕಾರಣ ಅಷ್ಟೇನೂ ಗೂಢವಲ್ಲ. ಬ್ಯಾಟರಿಯಿಲ್ಲದೆ ನೇರವಾಗಿ ಬೀದಿಯ ಲೈನಿಗೆ ಜೋಡಿಸಿದ ಇನ್ವರ್ಟರ್, ಲೈನಿನಲ್ಲಿರುವ ವೋಲ್ಟೇಜನ್ನೂ ಸೆಕೆಂಡಿಗೆ 50 ಸಲ ಏರಿಳಿಯುವ ಅದರ ಲಯವನ್ನೂ ನೋಡಿಕೊಂಡು, ಅದಕ್ಕೆ ಹೊಂದುವಂತೆ ತನ್ನ ವಿದ್ಯುತ್ತನ್ನು ಸೇರಿಸುತ್ತದೆ. ನೋಡಿಕೊಳ್ಳಲು ಲೈನೇ ಇಲ್ಲವಾದಾಗ ಅದು ನಿಲ್ಲಬೇಕು. ನಿಲ್ಲದಿದ್ದರೆ ತಾರಸಿಯ ಕರೆಂಟು ಮನೆಯ ಮೀಟರನ್ನು ದಾಟಿ ಹೊರಗಿನ ತಂತಿಗೆ ಹರಿಯುತ್ತದೆ. ಕರೆಂಟು ತೆಗೆದಿದ್ದಾರೆ ಎಂದು ನಂಬಿ ಕಂಬ ಹತ್ತಿದ ಲೈನ್‌ಮನ್‌ನ ಜೀವ ಹೋಗುತ್ತದೆ. ಫ್ಯಾನು ನಿಂತದ್ದು ದೋಷವಲ್ಲ, ರಕ್ಷಣೆ. ಕರೆಂಟು ಹೋದಾಗಲೂ ಮನೆಯಲ್ಲಿ ಬೆಳಕು ಬೇಕೆಂದರೆ ಬ್ಯಾಟರಿಯೂ, ಮನೆಯನ್ನು ಲೈನಿನಿಂದ ಬೇರ್ಪಡಿಸಿ ತಾನೇ ಲಯ ಹಾಕಬಲ್ಲ ಬೇರೆ ಬಗೆಯ ಇನ್ವರ್ಟರೂ ಬೇಕು. ಅದಕ್ಕೆ ಬೇರೆ ದುಡ್ಡು.

ಇಷ್ಟನ್ನು ಹೇಳಲು ನಾಲ್ಕು ನಿಮಿಷ ಸಾಕು. ಆದರೂ ಪ್ಯಾನೆಲ್ ಹಾಕಿಸಿಕೊಂಡ ಬಹಳ ಮಂದಿಗೆ ಇದು ಗೊತ್ತಿರುವುದಿಲ್ಲ. ವಿಚಿತ್ರವೆಂದರೆ ಅವರಲ್ಲಿ ವಿಜ್ಞಾನ ಓದಿದವರೂ, ಎಂಜಿನಿಯರುಗಳೂ ಇರುತ್ತಾರೆ. ಸಿಲಿಕಾನಿನ ಒಳಗೆ ಎಲೆಕ್ಟ್ರಾನು ಹೇಗೆ ಜಿಗಿಯುತ್ತದೆ ಎಂದು ಚಿತ್ರ ಬರೆದು ತೋರಿಸಬಲ್ಲವರಿಗೂ ತಮ್ಮ ಮನೆಗೆ ದಿನಕ್ಕೆ ಎಷ್ಟು ಯೂನಿಟ್ ಬೇಕು ಎಂದು ಕೇಳಿದರೆ ತಡವರಿಕೆ. ನಾವು ಸೌರವಿದ್ಯುತ್ತನ್ನು ಕಲಿಯುವ ಕ್ರಮವೇ ತಲೆಕೆಳಗಾಗಿದೆ ಎಂಬುದು ನನ್ನ ವಾದ. ಅಣುವಿನಿಂದ ಶುರುಮಾಡಿ ಮೀಟರಿನ ತನಕ ಬರುವಷ್ಟರಲ್ಲಿ ಪಾಠ ಮುಗಿದಿರುತ್ತದೆ. ಮೀಟರಿನಿಂದ, ನೆರಳಿನಿಂದ, ಸಂಜೆ ಏಳು ಗಂಟೆಯ ಖರ್ಚಿನಿಂದ ಶುರುವಾಗಬೇಕಿತ್ತು.

ಇದಕ್ಕೆ ಎದುರಾಗುವ ಆಕ್ಷೇಪ ಗಟ್ಟಿಯಾಗಿಯೇ ಇದೆ. ಫ್ರಿಜ್ ಕೊಳ್ಳುವವನು ಶೈತ್ಯೀಕರಣ ಕಲಿತು ಕೊಳ್ಳುತ್ತಾನೆಯೇ? ಮೊಬೈಲ್ ಹಿಡಿದವರೆಲ್ಲ ರೇಡಿಯೋ ತರಂಗದ ಪಾಠ ಓದಿದ್ದಾರೆಯೇ? ನಾಗರಿಕತೆಯೆಂದರೆ ಬೇರೆಯವರ ತಿಳಿವಳಿಕೆಯನ್ನು ನಂಬಿ ಬಾಳುವುದು ತಾನೆ? ಹೌದು. ಆದರೆ ಫ್ರಿಜ್ ಕೆಟ್ಟರೆ ಹಾಲು ಒಡೆಯುತ್ತದೆ, ಮೊಬೈಲ್ ಕೆಟ್ಟರೆ ಪರದೆ ಕಪ್ಪಾಗುತ್ತದೆ. ಕೆಟ್ಟ ಸುದ್ದಿಯನ್ನು ಅವೇ ಹೇಳುತ್ತವೆ. ಸೌರಫಲಕ ಹಾಗಲ್ಲ. ತಾರಸಿಯ ಮೇಲಿನ ಅರ್ಧ ಪ್ಯಾನೆಲ್‌ಗಳು ಸತ್ತು ಕೂತಿದ್ದರೂ ಅವು ಅದೇ ಗಾಢ ನೀಲಿಯಲ್ಲಿ ಹೊಳೆಯುತ್ತಿರುತ್ತವೆ. ಮನೆಯ ದೀಪ ಮಂಕಾಗುವುದಿಲ್ಲ, ಯಾಕೆಂದರೆ ಕಡಿಮೆಬಿದ್ದ ವಿದ್ಯುತ್ತನ್ನು ಬೀದಿಯ ಲೈನು ಚಕಾರವೆತ್ತದೆ ತುಂಬಿಕೊಡುತ್ತದೆ. ಬಿಲ್ ಸ್ವಲ್ಪ ಹೆಚ್ಚು ಬಂದರೆ ‘ಈ ಸಲ ಸೆಕೆ ಜಾಸ್ತಿ’ ಎಂದು ಸಮಾಧಾನ. ಸಡಿಲವಾದ ಒಂದು ಜೋಡಣೆ, ಇಲಿ ಕಡಿದ ಒಂದು ತಂತಿ, ಪಕ್ಕದ ಮನೆಯವರು ಎಬ್ಬಿಸಿದ ಹೊಸ ಮಹಡಿ, ಇವು ವರ್ಷಗಟ್ಟಲೆ ಪತ್ತೆಯಾಗದೆ ಉತ್ಪಾದನೆಯನ್ನು ತಿನ್ನುತ್ತಿರಬಹುದು. ಜೊತೆಗೆ ಪ್ಯಾನೆಲ್‌ಗೆ ಇಪ್ಪತ್ತೈದು ವರ್ಷದ ಆಯುಸ್ಸು. ಮೊಬೈಲನ್ನು ಮೂರು ವರ್ಷಕ್ಕೊಮ್ಮೆ ಬದಲಿಸುತ್ತ, ತಪ್ಪು ಮಾಡುತ್ತ, ಜಾಣರಾಗುತ್ತ ಹೋಗುತ್ತೇವೆ. ಇದನ್ನು ಬಹುಪಾಲು ಜನ ಬಾಳಿನಲ್ಲಿ ಒಮ್ಮೆ ಮಾತ್ರ ಕೊಳ್ಳುತ್ತಾರೆ. ಎರಡನೆಯ ಸಲ ಸರಿಯಾಗಿ ಕೊಳ್ಳುವ ಅವಕಾಶವೇ ಇರುವುದಿಲ್ಲ.

ಹಾಗೆಂದು ಸಿಲಿಕಾನಿನ ಪಾಠ ಬೇಡವೆನ್ನುತ್ತಿಲ್ಲ. ಅದರ ಕಥೆಯೇ ಸೊಗಸು. 1839ರಲ್ಲಿ ಹತ್ತೊಂಬತ್ತರ ಹರೆಯದ ಫ್ರೆಂಚ್ ಹುಡುಗ ಎಡ್ಮಂಡ್ ಬೆಕೆರೆಲ್ ಬೆಳಕು ಬಿದ್ದಾಗ ವಿದ್ಯುತ್ ಹುಟ್ಟುವುದನ್ನು ಮೊದಲು ಕಂಡ. 1954ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಚೇಪಿನ್, ಫುಲ್ಲರ್, ಪಿಯರ್ಸನ್ ಎಂಬ ಮೂವರು ಬಳಕೆಗೆ ಬರುವಂಥ ಮೊದಲ ಸಿಲಿಕಾನ್ ಕೋಶ ಮಾಡಿದರು. ಬಿದ್ದ ಬೆಳಕಿನ ನೂರರಲ್ಲಿ ಆರು ಪಾಲು ವಿದ್ಯುತ್ತಾಯಿತು. ಇವತ್ತು ಅಂಗಡಿಯಲ್ಲಿ ಸಿಗುವ ಪ್ಯಾನೆಲ್‌ಗಳದು ಶೇ. 20-22. ಇಂಥ ಒಂದು ಪದರದ ಕೋಶ ಎಷ್ಟೇ ನಾಜೂಕಾದರೂ ಶೇ. 30ರ ಆಸುಪಾಸನ್ನು ದಾಟಲಾರದು ಎಂದು 1961ರಲ್ಲೇ ಶಾಕ್ಲಿ ಮತ್ತು ಕ್ವೈಸರ್ ಲೆಕ್ಕಹಾಕಿ ತೋರಿಸಿದ್ದರು. ಬೆಳಕಿನ ಕಣಗಳಲ್ಲಿ ಕೆಲವಕ್ಕೆ ಎಲೆಕ್ಟ್ರಾನನ್ನು ಎಬ್ಬಿಸುವಷ್ಟು ಕಸುವಿಲ್ಲ, ಕೆಲವಕ್ಕೆ ಬೇಕಾದ್ದಕ್ಕಿಂತ ಹೆಚ್ಚು ಕಸುವು. ಮೊದಲನೆಯವು ವ್ಯರ್ಥ, ಎರಡನೆಯವುಗಳ ಹೆಚ್ಚುವರಿ ಬರೀ ಬಿಸಿಯಾಗಿ ಹೋಗುತ್ತದೆ. ಆದ್ದರಿಂದ ಶೇ. 40ರ ದಕ್ಷತೆಯ ಪ್ಯಾನೆಲನ್ನು ಮನೆಗಳಿಗೆ ಮಾರುತ್ತೇನೆ ಎಂದು ಯಾರಾದರೂ ಬಂದರೆ ಕಾಫಿ ಕೊಟ್ಟು ಕಳಿಸಬಹುದು.

ಈ ಭೌತಶಾಸ್ತ್ರದಿಂದ ಮನೆಯವರಿಗೆ ಬೇಕಾದ್ದು ಎರಡೇ ಸಂಗತಿ. ಒಂದು, ವಿದ್ಯುತ್ತನ್ನು ಹುಟ್ಟಿಸುವುದು ಬೆಳಕು. ಕಾವು ಅದಕ್ಕೆ ವೈರಿ. ಪಕ್ಕದಲ್ಲೇ ಇರುವ ನೀರು ಕಾಯಿಸುವ ಸೋಲಾರಿಗೆ ಕಾವೇ ಬಂಡವಾಳವಾದ್ದರಿಂದ ಎರಡನ್ನೂ ಒಂದೇ ಎಂದುಕೊಂಡು ‘ಬಿಸಿ ಹೆಚ್ಚಿದಷ್ಟೂ ಕರೆಂಟು ಹೆಚ್ಚು’ ಎಂದು ನಂಬಿದವರು ಬಹಳ. ಪ್ಯಾನೆಲಿನ ಬೆನ್ನಿಗೆ ಅಂಟಿಸಿದ ಚೀಟಿಯಲ್ಲಿ 540 ವ್ಯಾಟ್ ಎಂದು ಬರೆದಿದ್ದರೆ ಅದು ಕೋಶದ ಉಷ್ಣತೆ 25 ಡಿಗ್ರಿ ಇದ್ದಾಗಿನ ಮಾತು. ಕಲಬುರಗಿಯ ಏಪ್ರಿಲ್‌ನಲ್ಲಿ ಗಾಳಿಯೇ 40 ಡಿಗ್ರಿ ಇರುವಾಗ ಗಾಜಿನಡಿಯ ಕೋಶ 65ಕ್ಕೆ ಕಾಯುವುದು ವಿಶೇಷವಲ್ಲ. ಡಿಗ್ರಿಗೆ ಶೇ. 0.35ರಂತೆ ಕಳೆದರೆ 40 ಡಿಗ್ರಿಗೆ ಶೇ. 14 ಹೋಯಿತು. 540 ಎಂದದ್ದು 465ರ ಹತ್ತಿರ ನಿಲ್ಲುತ್ತದೆ. ಚೀಟಿ ಸುಳ್ಳು ಹೇಳಿಲ್ಲ. ಅದು ಪ್ರಯೋಗಾಲಯದ ನಿಜ, ನಮ್ಮೂರಿನದಲ್ಲ. ಪ್ಯಾನೆಲನ್ನು ತಗಡಿನ ಚಾವಣಿಗೆ ಅಂಟಿಸಿದಂತೆ ಬಡಿಯದೆ ಕೆಳಗೆ ಗಾಳಿಯಾಡಲು ಜಾಗ ಬಿಡಬೇಕು ಎಂಬ ಬುದ್ಧಿಮಾತಿನ ಹಿಂದೆ ಇರುವುದು ಇದೇ ಲೆಕ್ಕ.

ಎರಡನೆಯದು, ಒಂದೊಂದು ಕೋಶ ಕೊಡುವುದು ಅರ್ಧ ವೋಲ್ಟಿಗಿಂತ ತುಸು ಹೆಚ್ಚು ಮಾತ್ರ. ಅಷ್ಟರಿಂದ ಯಾವ ಕೆಲಸವೂ ಆಗದು. ಆದ್ದರಿಂದ ಹತ್ತಾರು ಕೋಶಗಳನ್ನು ಒಂದರ ಬಾಲಕ್ಕೆ ಇನ್ನೊಂದರಂತೆ ಸಾಲಾಗಿ ಕಟ್ಟುತ್ತಾರೆ, ಪ್ಯಾನೆಲ್‌ಗಳನ್ನೂ ಹಾಗೆಯೇ. ಸಾಲಿನಲ್ಲಿರುವ ಎಲ್ಲದರ ಮೂಲಕ ಒಂದೇ ಕರೆಂಟು ಹರಿಯಬೇಕು. ಒಂದು ಕೋಶದ ಮೇಲೆ ನೆರಳು ಬಿದ್ದರೆ? ಇಕ್ಕಟ್ಟಿನ ಓಣಿಯಲ್ಲಿ ಸಾಲುಹಿಡಿದ ಗಾಡಿಗಳಲ್ಲಿ ಒಂದು ಕೆಟ್ಟು ನಿಂತ ಹಾಗೆ. ಹಿಂದಿನವುಗಳ ಎತ್ತು ಎಷ್ಟು ಗಟ್ಟಿಯಿದ್ದರೇನು. ಇದಕ್ಕಾಗಿಯೇ ಪ್ಯಾನೆಲಿನ ಬೆನ್ನಿಗಿರುವ ಪೆಟ್ಟಿಗೆಯಲ್ಲಿ ಸಾಮಾನ್ಯವಾಗಿ ಮೂರು ಬೈಪಾಸ್ ಡಯೋಡುಗಳಿರುತ್ತವೆ. ನೆರಳು ಬಿದ್ದ ಭಾಗವನ್ನು ಬಿಟ್ಟು ಪಕ್ಕದಿಂದ ಕರೆಂಟು ಸಾಗುತ್ತದೆ. ಆದರೆ ಬೆಲೆ ತೆರಬೇಕು: ಅಂಗೈಯಗಲದ ನೆರಳಿಗೆ ಪ್ಯಾನೆಲಿನ ಮೂರನೆಯ ಒಂದು ಭಾಗವೇ ಲೆಕ್ಕದಿಂದ ಹೊರಗೆ. ನೂರರಲ್ಲಿ ಎರಡು ಪಾಲು ಜಾಗ ಮುಚ್ಚಿದರೆ ಎರಡು ಪಾಲು ನಷ್ಟ ಎಂಬ ನಮ್ಮ ಸಹಜ ತ್ರೈರಾಶಿ ಇಲ್ಲಿ ನಡೆಯುವುದಿಲ್ಲ. ತೆಂಗಿನ ಒಂದು ಗರಿ, ಡಿಶ್ ಆಂಟೆನಾ, ಬಟ್ಟೆ ಒಣಗಿಸುವ ತಂತಿಗೆ ನೇತುಹಾಕಿದ ಬೆಡ್‌ಶೀಟು, ಇವೆಲ್ಲ ತಮ್ಮ ಅಳತೆಗೆ ಮೀರಿ ತಿನ್ನುತ್ತವೆ.

ನೆರಳಿನ ವಿಷಯದಲ್ಲಿ ನಮ್ಮ ಅಕ್ಷಾಂಶಕ್ಕೆ ಒಂದು ವಿಶೇಷವಿದೆ, ಮಾರುವವರೂ ಇದನ್ನು ಮರೆಯುತ್ತಾರೆ. ಬೆಂಗಳೂರು ಇರುವುದು ಸುಮಾರು 13 ಡಿಗ್ರಿ ಉತ್ತರದಲ್ಲಿ. ಏಪ್ರಿಲ್ 24ರ ಸುಮಾರಿಗೆ ಒಮ್ಮೆ, ಆಗಸ್ಟ್ 18ರ ಸುಮಾರಿಗೆ ಇನ್ನೊಮ್ಮೆ ನಡುಹಗಲಿನ ಸೂರ್ಯ ನೆತ್ತಿಯ ಮೇಲೆ ಸರಿಯಾಗಿ ನಿಲ್ಲುತ್ತಾನೆ. ನೆಟ್ಟ ಕೋಲಿಗೆ ನೆರಳೇ ಇರುವುದಿಲ್ಲ. ಆ ಎರಡು ದಿನಗಳ ನಡುವಿನ ಅವಧಿಯಲ್ಲಿ ಅವನು ನೆತ್ತಿಯನ್ನು ದಾಟಿ ಉತ್ತರಕ್ಕೆ ಸರಿದಿರುತ್ತಾನೆ, ನಡುಹಗಲಿನ ನೆರಳು ದಕ್ಷಿಣಕ್ಕೆ ಬೀಳುತ್ತದೆ. ಈಗ ಮೇ ತಿಂಗಳಲ್ಲಿ ತಾರಸಿ ಅಳೆಯಲು ಬಂದವನನ್ನು ಊಹಿಸಿ. ನೀರಿನ ಟ್ಯಾಂಕಿನ ಉತ್ತರದಲ್ಲಿ ಒಳ್ಳೆಯ ಜಾಗವಿದೆ, ನೆರಳಿನ ಸುಳಿವಿಲ್ಲ. ಅಲ್ಲಿಯೇ ಪ್ಯಾನೆಲ್ ಕೂರಿಸುತ್ತಾನೆ. ಡಿಸೆಂಬರ್ ಬರುತ್ತದೆ. ಸೂರ್ಯ ನೆತ್ತಿಯಿಂದ 36 ಡಿಗ್ರಿ ದಕ್ಷಿಣಕ್ಕೆ ಇಳಿದಿರುತ್ತಾನೆ. ಸ್ಟ್ಯಾಂಡಿನ ಮೇಲಿಟ್ಟ, ತಾರಸಿಯಿಂದ ಹತ್ತು ಅಡಿ ಎತ್ತರದ ಟ್ಯಾಂಕಿನ ನೆರಳು ನಡುಹಗಲಲ್ಲೇ ಏಳು ಅಡಿಗೂ ಹೆಚ್ಚು ಉತ್ತರಕ್ಕೆ ಚಾಚುತ್ತದೆ, ಬೆಳಗ್ಗೆ ಒಂಬತ್ತರ ಸುಮಾರಿಗೆ ವಾಯವ್ಯದ ಕಡೆ ಹದಿನೈದು ಅಡಿಗೂ ಹೆಚ್ಚು. ಮಾಗಿಯ ಆ ತಿಂಗಳುಗಳಲ್ಲೇ ಆಕಾಶ ತಿಳಿಯಾಗಿ, ಗಾಳಿ ತಂಪಾಗಿ ಇರುವುದು. ಪ್ಯಾನೆಲ್ ಚೆನ್ನಾಗಿ ದುಡಿಯಬೇಕಾದ್ದು ಆಗಲೇ. ಉತ್ತರಾಯಣ, ದಕ್ಷಿಣಾಯನಗಳನ್ನು ಪಂಚಾಂಗದಲ್ಲಿ ಇಟ್ಟುಕೊಂಡು ಹಬ್ಬ ಮಾಡುವ ನಾವು ಅವನ್ನು ತಾರಸಿಯ ಮೇಲೆ ಹುಡುಕುವುದಿಲ್ಲ. ಸಾಫ್ಟ್‌ವೇರಿಗಿಂತ ಮೊದಲು ಬೇಕಾದ್ದು ಒಂದು ಕೋಲು, ಒಂದು ಸೀಮೆಸುಣ್ಣ, ಡಿಸೆಂಬರ್ ತನಕ ಕಾಯುವ ತಾಳ್ಮೆ. ಕಾಯಲಾಗದವರು ಲೆಕ್ಕ ಹಾಕಬಹುದು. ಪಿಯುಸಿಯ ತ್ರಿಕೋನಮಿತಿ ಸಾಕು, ಅದು ಕೊನೆಗೂ ಒಂದು ಕೆಲಸಕ್ಕೆ ಬರುತ್ತದೆ.

ಇನ್ನು ಕಿಲೋವ್ಯಾಟ್ ಮತ್ತು ಯೂನಿಟ್. ಈ ಎರಡರ ಗೊಂದಲ ಮನೆಯಿಂದ ಪತ್ರಿಕೆಗಳ ಮುಖಪುಟದವರೆಗೆ ಹಬ್ಬಿದೆ. ಕಿಲೋವ್ಯಾಟ್ ಎನ್ನುವುದು ಈ ಕ್ಷಣದ ಸಾಮರ್ಥ್ಯ. ಒಂದು ಕಿಲೋವ್ಯಾಟಿನ ಹೀಟರು ಒಂದು ಗಂಟೆ ಉರಿದಾಗ ಆಗುವ ಖರ್ಚು ಒಂದು ಯೂನಿಟ್. ಮೂರು ಕಿಲೋವ್ಯಾಟಿನ ಪ್ಯಾನೆಲ್ ಇದೆ ಎಂದರೆ ಇಪ್ಪತ್ತನಾಲ್ಕು ಗಂಟೆಯೂ ಮೂರು ಕಿಲೋವ್ಯಾಟ್ ಬರುತ್ತದೆ ಎಂದರ್ಥವಲ್ಲ. ನಮ್ಮ ಕಡೆ ಒಂದು ಕಿಲೋವ್ಯಾಟಿಗೆ ವರ್ಷದ ಸರಾಸರಿಯಲ್ಲಿ ದಿನಕ್ಕೆ ನಾಲ್ಕು ಯೂನಿಟ್ ಹಿಡಿಯುವುದು ವಾಡಿಕೆ. ಮೂರಕ್ಕೆ ಹನ್ನೆರಡು.

ಇದೇ ಲೆಕ್ಕವನ್ನು ರಾಜ್ಯದ ಮಟ್ಟಕ್ಕೆ ಏರಿಸಿ ನೋಡಬೇಕು. ಪಾವಗಡದ ಸೋಲಾರ್ ಪಾರ್ಕಿನ ಸಾಮರ್ಥ್ಯ 2,050 ಮೆಗಾವ್ಯಾಟ್. ಕೈಗಾ ಅಣುಸ್ಥಾವರದ್ದು 880. ಅಂಕಿಗಳನ್ನು ಅಕ್ಕಪಕ್ಕ ಇಟ್ಟ ತಕ್ಷಣ ಪಾವಗಡ ಎರಡು ಪಟ್ಟಿಗೂ ದೊಡ್ಡದು ಎಂಬ ತೀರ್ಮಾನಕ್ಕೆ ಬರುತ್ತೇವೆ. ಪಾವಗಡದ ಉರಿಬಿಸಿಲಿಗೆ ಮರ್ಯಾದೆ ಕೊಟ್ಟು ಕಿಲೋವ್ಯಾಟಿಗೆ ದಿನಕ್ಕೆ ಐದು ಯೂನಿಟ್ ಎಂದು ಹಿಡಿದರೂ ಅಲ್ಲಿ ಹುಟ್ಟುವುದು ದಿನಕ್ಕೆ ಸುಮಾರು ಒಂದು ಕೋಟಿ ಯೂನಿಟ್. ಕೈಗಾದ ನಾಲ್ಕೂ ಘಟಕಗಳು ಹಗಲಿರುಳು ಪೂರ್ತಿ ನಡೆದರೆ ಎರಡು ಕೋಟಿಗೂ ಹೆಚ್ಚು. ನಾನು ಅಣುವಿದ್ಯುತ್ತಿನ ವಕೀಲನಲ್ಲ. ಕೈಗಾದ ಪಕ್ಕದ ಕದ್ರಾ ಜಲಾಶಯದ ನೀರಿನ ಬಗ್ಗೆ, ಅಲ್ಲಿ ಕಳೆದ ಕಾಡಿನ ಬಗ್ಗೆ, ತ್ಯಾಜ್ಯದ ಬಗ್ಗೆ ಕೇಳಬೇಕಾದ ಪ್ರಶ್ನೆಗಳು ಬೇರೆಯೇ ಇವೆ. ಆದರೆ ಮೆಗಾವ್ಯಾಟನ್ನು ಮೆಗಾವ್ಯಾಟಿನ ಜೊತೆ ತೂಗಿ ‘ಸೂರ್ಯನೇ ಸಾಕು’ ಎಂದು ಘೋಷಿಸುವವರೂ, ‘ಸೋಲಾರ್ ಬರೀ ತೋರಿಕೆ’ ಎಂದು ತಳ್ಳಿಹಾಕುವವರೂ ಒಂದೇ ತಪ್ಪನ್ನು ಎರಡು ದಿಕ್ಕಿನಿಂದ ಮಾಡುತ್ತಿದ್ದಾರೆ. ಮೊದಲನೆಯವರು ರಾತ್ರಿಯನ್ನು ಮರೆತರು, ಎರಡನೆಯವರು ಹಗಲಿನ ಆ ಒಂದು ಕೋಟಿಯನ್ನು.

ಈ ಲೆಕ್ಕವನ್ನು ಯಾರ ಪಾಠವೂ ಇಲ್ಲದೆ ಕಲಿತವರಿದ್ದಾರೆ. ಮಲೆನಾಡಿನಲ್ಲಿ ಲೈನು ಎಳೆಯಲಾಗದ ಒಂಟಿಮನೆಗಳವರು. ತೊಂಬತ್ತರ ದಶಕದ ನಡುವಿನಿಂದ ನಮ್ಮ ಹಳ್ಳಿಗಳಿಗೆ ಸೋಲಾರ್ ದೀಪಗಳು ಬಂದವು. 1995ರಲ್ಲಿ ಹರೀಶ್ ಹಂದೆಯವರು ಇತರರೊಡನೆ ಸೇರಿ ಕಟ್ಟಿದ ಸೆಲ್ಕೋ ಕಂಪನಿ, ದೀಪವನ್ನು ಮಾರುವುದಷ್ಟೇ ಅಲ್ಲದೆ ಅದಕ್ಕೆ ಗ್ರಾಮೀಣ ಬ್ಯಾಂಕುಗಳಿಂದ ಸಾಲ ಸಿಗುವಂತೆ ಮಾಡುವುದನ್ನೂ ತನ್ನ ಕೆಲಸವೆಂದು ಎಣಿಸಿತು. 2011ರಲ್ಲಿ ಹಂದೆಯವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂದದ್ದು ತಂತ್ರಜ್ಞಾನದಷ್ಟೇ ಈ ಹಣಕಾಸಿನ ಜಾಣ್ಮೆಗೂ ಸಂದ ಗೌರವ. ಆದರೆ ಆ ಕಾಲದ ನಿಜವಾದ ಕಲಿಕೆ ನಡೆದದ್ದು ಅಡುಗೆಮನೆಯಲ್ಲಿ, ಜಗಲಿಯಲ್ಲಿ. ಬ್ಯಾಟರಿಯ ಕೆಂಪುದೀಪ ಹತ್ತಿದರೆ ಇವತ್ತು ಟಿವಿ ಬೇಡ ಎಂದು ಆ ಮನೆಯ ಅಜ್ಜಿಗೂ ಗೊತ್ತು. ಮೂರು ದಿನ ಮೋಡವಿದ್ದರೆ ನಾಲ್ಕನೆಯ ರಾತ್ರಿ ಒಂದೇ ಬಲ್ಬು. ಬ್ಯಾಟರಿಗೆ ಬಟ್ಟಿನೀರು ಹಾಕುವುದನ್ನು ಮರೆತರೆ ವರ್ಷದೊಳಗೆ ಸಾವಿರಾರು ರೂಪಾಯಿಯ ಪೆಟ್ಟು.

ಅಂಥ ಒಂದು ಮನೆಯ ಲೆಕ್ಕ ಹೀಗಿರುತ್ತದೆ. ಏಳು ವ್ಯಾಟಿನ ನಾಲ್ಕು ಬಲ್ಬು ಐದು ಗಂಟೆ, ಮೂವತ್ತು ವ್ಯಾಟಿನ ಫ್ಯಾನು ಎಂಟು ಗಂಟೆ, ನಲವತ್ತು ವ್ಯಾಟಿನ ಟಿವಿ ಮೂರು ಗಂಟೆ. ಎಲ್ಲ ಸೇರಿ ಅರ್ಧ ಯೂನಿಟ್. 12 ವೋಲ್ಟಿನ, 100 ಆಂಪಿಯರ್-ಅವರ್ ಬ್ಯಾಟರಿಯಲ್ಲಿ ಕಾಗದದ ಮೇಲೆ 1.2 ಯೂನಿಟ್ ಹಿಡಿಯುತ್ತದೆ. ಆದರೆ ಸೀಸದ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಇಳಿಸುತ್ತ ಹೋದರೆ ಅದರ ಆಯುಸ್ಸೇ ಇಳಿಯುತ್ತದೆ. ಅಂದರೆ ಕೈಗೆ ಸಿಗುವುದು ಆರುನೂರು ವ್ಯಾಟ್-ಅವರ್, ಒಂದು ರಾತ್ರಿಗೆ ಸಾಕು, ಎರಡನೆಯದಕ್ಕೆ ಇಲ್ಲ. ಪ್ಯಾನೆಲ್ ಎಷ್ಟು ಬೇಕು? ವರ್ಷದ ಸರಾಸರಿ ನೋಡಿ ಸುಮಾರು ಇನ್ನೂರು ವ್ಯಾಟ್ ಸಾಕೆನ್ನುವವನು ಆಗುಂಬೆಯ ಆಷಾಢ ಕಂಡವನಲ್ಲ. ದೀಪ ಹೆಚ್ಚು ಬೇಕಾಗುವುದು ಯಾವಾಗ ಬಿಸಿಲು ಕಡಿಮೆಯೋ ಆಗಲೇ. ಅಲ್ಲಿ ಅಳತೆಗೋಲು ಆಷಾಢ, ಸರಾಸರಿಯಲ್ಲ.

ಗಮನಿಸಿ, ಈ ಲೆಕ್ಕ ಶುರುವಾದದ್ದು ಪ್ಯಾನೆಲಿನಿಂದಲ್ಲ, ಬಲ್ಬಿನಿಂದ. ಮೊದಲು ಖರ್ಚು, ಆಮೇಲೆ ಸಂಗ್ರಹ, ಕೊನೆಗೆ ಗಳಿಕೆ. ಎಪ್ಪತ್ತೈದು ವ್ಯಾಟಿನ ಹಳೆಯ ಫ್ಯಾನನ್ನು ಮೂವತ್ತು ವ್ಯಾಟಿನ ಹೊಸ ಬಗೆಯದಕ್ಕೆ ಬದಲಿಸಿದರೆ ಬ್ಯಾಟರಿಯೂ ಚಿಕ್ಕದು, ಪ್ಯಾನೆಲೂ ಚಿಕ್ಕದು. ಪೇಟೆಯ ಮನೆಗೆ ಬರುವ ಮಾರಾಟಗಾರ ಈ ಕ್ರಮದಲ್ಲಿ ಮಾತಾಡುವುದಿಲ್ಲ. ಅವನ ಮೊದಲ ಪ್ರಶ್ನೆ ತಾರಸಿ ಎಷ್ಟು ಚದರ ಅಡಿ ಎಂಬುದು. ಎರಡನೆಯದು ಸಬ್ಸಿಡಿ. 2024ರ ಪಿಎಂ ಸೂರ್ಯಘರ್ ಯೋಜನೆಯಲ್ಲಿ ಒಂದು ಕಿಲೋವ್ಯಾಟಿಗೆ 30,000, ಎರಡಕ್ಕೆ 60,000, ಮೂರು ಮತ್ತು ಮೇಲ್ಪಟ್ಟದ್ದಕ್ಕೆ 78,000 ರೂಪಾಯಿ ಸಹಾಯಧನವಿದೆ. ಒಳ್ಳೆಯದೇ. ಆದರೆ ಸಬ್ಸಿಡಿಯ ಮೆಟ್ಟಿಲು ಮೂರಕ್ಕೆ ನಿಲ್ಲುವುದರಿಂದ, ಒಂದೂವರೆ ಸಾಕಾಗುವ ಮನೆಯೂ ಮೂರರ ಕಡೆ ವಾಲುತ್ತದೆ. ಇನ್ನೊಂದು ಕಡೆ, 2023ರಿಂದ ರಾಜ್ಯ ಸರ್ಕಾರದ ಗೃಹಜ್ಯೋತಿ ಯೋಜನೆಯಡಿ ಸರಾಸರಿ ಬಳಕೆಯ ಮೇಲೆ ಸಾಮಾನ್ಯವಾಗಿ ಶೇ. 10 ಸೇರಿಸಿ, 200 ಯೂನಿಟ್ ಮಿತಿಯೊಳಗೆ ಉಚಿತ ವಿದ್ಯುತ್ ಪಡೆಯುವ ಮನೆಗೆ ತಾರಸಿಯ ಪ್ಯಾನೆಲಿನಿಂದ ಉಳಿಯುವುದು ಏನು? ಶೂನ್ಯ ಬಿಲ್ಲನ್ನು ಇನ್ನೂ ಕಡಿಮೆ ಮಾಡಲಾಗದು. ಬಡವರ ಮನೆಯ ಬೆಳಕಿನ ಬಗ್ಗೆ ನನ್ನ ತಕರಾರಿಲ್ಲ. ಎರಡು ಸರ್ಕಾರಗಳ ಎರಡು ಯೋಜನೆಗಳು ಒಂದೇ ಮೀಟರಿನ ಮುಂದೆ ಮುಖಾಮುಖಿಯಾದಾಗ ಯಾವುದು ತನಗೆ ಎಂದು ತಿಳಿಯಲು ಹನ್ನೆರಡು ತಿಂಗಳ ಬಿಲ್ಲು ಮುಂದಿಟ್ಟುಕೊಂಡು ಕೂರುವುದೊಂದೇ ದಾರಿ ಎನ್ನುತ್ತಿದ್ದೇನೆ ಅಷ್ಟೆ. ಆ ಬಿಲ್ಲನ್ನು ಓದುವುದನ್ನು ಯಾವ ತರಗತಿಯಲ್ಲಿ ಕಲಿಸುತ್ತೇವೆ?

ಮನೆಯ ಗೋಡೆಯಾಚೆಗೂ ಈ ಕಲಿಕೆ ಸಾಗಬೇಕು. ಒಂದು ಟ್ರಾನ್ಸ್‌ಫಾರ್ಮರಿನ (ಟಿ.ಸಿ.) ಕೆಳಗೆ ಒಂದು ಮನೆ ಪ್ಯಾನೆಲ್ ಹಾಕಿದರೆ ಯಾರಿಗೂ ಗೊತ್ತಾಗುವುದಿಲ್ಲ. ಇಪ್ಪತ್ತು ಮನೆಗಳು ಹಾಕಿದರೆ, ಎಲ್ಲರೂ ಕೆಲಸಕ್ಕೆ ಹೋಗಿ ಮನೆಗಳು ಖಾಲಿಯಿರುವ ಮಧ್ಯಾಹ್ನ, ಅಷ್ಟೂ ವಿದ್ಯುತ್ ಒಟ್ಟಿಗೆ ಲೈನಿಗೆ ನುಗ್ಗಿ ವೋಲ್ಟೇಜು ಏರುತ್ತದೆ. ಮಿತಿ ಮೀರಿದರೆ ಇನ್ವರ್ಟರುಗಳು ಒಂದೊಂದಾಗಿ ತಾವೇ ಕೈಬಿಡುತ್ತವೆ. ಒಳ್ಳೆಯ ಬಿಸಿಲಿರುವ ಹೊತ್ತಿನಲ್ಲೇ ಆ ಮನೆಗಳ ಉತ್ಪಾದನೆ ಸೊನ್ನೆ. ಸಂಜೆ ಎಲ್ಲರೂ ಮನೆಗೆ ಬಂದು ಸ್ವಿಚ್ ಒತ್ತಿದಾಗ ಸೂರ್ಯ ಇಲ್ಲ. ರಾಜ್ಯದ ಇಡೀ ಜಾಲದಲ್ಲಿ ನಡೆಯುತ್ತಿರುವುದೂ ಇದೇ ನಾಟಕ, ದೊಡ್ಡ ರಂಗದಲ್ಲಿ. ಹಗಲಿನ ಹೆಚ್ಚುವರಿಗೆ ಒಂದು ಒಳ್ಳೆಯ ಪರಿಹಾರ ರೈತರ ಪಂಪ್‌ಸೆಟ್‌ಗಳನ್ನು ಹಗಲಿಗೆ ತಂದದ್ದು. ನಡುರಾತ್ರಿ ಟಾರ್ಚು ಹಿಡಿದು, ಹಾವು ಚೇಳು ತುಳಿಯದಂತೆ ಹೊಲಕ್ಕೆ ಹೋಗಿ ಮೋಟಾರು ಹಾಕುತ್ತಿದ್ದವನಿಗೆ ಸೌರವಿದ್ಯುತ್ ಕೊಟ್ಟ ದೊಡ್ಡ ಉಡುಗೊರೆ ನಿದ್ದೆ. ಇದನ್ನು ಯಾವ ಜಾಹೀರಾತೂ ಹೇಳುವುದಿಲ್ಲ.

ಕಷ್ಟದ ಪ್ರಶ್ನೆ ಸಂಜೆಯದು. ಹಗಲಿನ ಬಿಸಿಲನ್ನು ಸಂಜೆಗೆ ಎತ್ತಿಡಬೇಕೆಂದರೆ ಬ್ಯಾಟರಿ ಬೇಕು, ಇಲ್ಲವೇ ನೀರನ್ನು ಮೇಲಕ್ಕೆತ್ತಿ ಇಟ್ಟು ಸಂಜೆ ಕೆಳಗೆ ಬಿಡಬೇಕು. ಶರಾವತಿ ಕಣಿವೆಯಲ್ಲಿ ಗೇರುಸೊಪ್ಪೆಯ ನೀರನ್ನು ತಳಕಳಲೆಗೆ ಎತ್ತಿ, 2,000 ಮೆಗಾವ್ಯಾಟ್ ವಿದ್ಯುತ್ ಪಡೆಯುವ ಪಂಪ್ಡ್ ಸ್ಟೋರೇಜ್ ಯೋಜನೆ ಇದೇ ತರ್ಕದ ಕೂಸು. ಸಿಂಗಳೀಕಗಳ ಕಾಡಿಗೆ ಅದು ತರುವ ಹಾನಿಯ ಬಗ್ಗೆ ಎದ್ದಿರುವ ವಿರೋಧ ನ್ಯಾಯವಾದದ್ದು ಎಂದು ನಾನು ನಂಬಿದ್ದೇನೆ. ಆದರೆ ವಿರೋಧಿಸುವವರಲ್ಲಿ ಕೆಲವರು ‘ಇದು ಉತ್ಪಾದಿಸುವುದಕ್ಕಿಂತ ಹೆಚ್ಚು ವಿದ್ಯುತ್ ನುಂಗುವ ಯೋಜನೆ’ ಎಂದು ಅದನ್ನೇ ದೊಡ್ಡ ಗುಟ್ಟು ಹೊರಹಾಕಿದಂತೆ ಹೇಳುವಾಗ ಮುಜುಗರವಾಗುತ್ತದೆ. ನುಂಗಲೇಬೇಕು. ಮೇಲೆತ್ತಿದ ನೂರು ಯೂನಿಟ್‌ನಲ್ಲಿ ಎಪ್ಪತ್ತೈದೋ ಎಂಬತ್ತೋ ವಾಪಸು ಬರುತ್ತದೆ; ಸಂಗ್ರಹವೆಂದರೇ ಹಾಗೆ, ಮನೆಯ ಬ್ಯಾಟರಿಯೂ ಸುಂಕ ಕೀಳುತ್ತದೆ. ಕೇಳಬೇಕಾದ ಪ್ರಶ್ನೆ ಬೇರೆ: ಸಂಜೆಯ ಆ ನಾಲ್ಕೈದು ಗಂಟೆಗಳ ಬೇಡಿಕೆಯಲ್ಲಿ ಎಷ್ಟನ್ನು ಹಗಲಿಗೆ ಸರಿಸಬಹುದು, ಎಷ್ಟನ್ನು ಊರೂರಿನ ಸಬ್‌ಸ್ಟೇಷನ್ನಿನಲ್ಲಿ ಬ್ಯಾಟರಿಯಿಟ್ಟು ತೂಗಿಸಬಹುದು, ಅಷ್ಟೂ ಆದ ಮೇಲೆ ಕಾಡನ್ನು ಕೇಳುವಷ್ಟು ಉಳಿಯುತ್ತದೆಯೇ? ಈ ಪ್ರಶ್ನೆಗೆ ಮೊನೆಯಿರುತ್ತದೆ. ಮೊದಲಿನ ಮಾತಿಗೆ ಎಂಜಿನಿಯರು ನಕ್ಕು ಎದ್ದುಹೋಗಬಹುದು.

ಲೆಕ್ಕ ಗೊತ್ತಿಲ್ಲದಿದ್ದರೆ ಸೋಲುವುದು ವಾದ ಮಾತ್ರವಲ್ಲ. ಪಾವಗಡಕ್ಕೇ ಮರಳೋಣ. ತಿರುಮಣಿ, ವಳ್ಳೂರು, ಕ್ಯಾತಗಾನಚೆರ್ಲು ಮೊದಲಾದ ಐದು ಊರುಗಳ ಸುಮಾರು 13,000 ಎಕರೆ ಜಮೀನನ್ನು ಕೊಳ್ಳದೆ ಗುತ್ತಿಗೆಗೆ ಪಡೆದದ್ದು ಆ ಯೋಜನೆಯ ಹೆಗ್ಗಳಿಕೆ. ರೈತನ ಹೆಸರು ಪಹಣಿಯಲ್ಲೇ ಉಳಿಯಿತು. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರುವಾದ ಬಾಡಿಗೆ, ಎರಡು ವರ್ಷಕ್ಕೊಮ್ಮೆ ಶೇ. 5ರ ಏರಿಕೆ. ಬರದ ಮೇಲೆ ಬರ ಕಂಡ, ಕಡಲೆಕಾಯಿ ಕೈಕೊಟ್ಟ ನೆಲದಲ್ಲಿ ಮಳೆಯ ಹಂಗಿಲ್ಲದ ಆದಾಯ. ಸಣ್ಣ ಮಾತಲ್ಲ. ಜಮೀನೇ ಇಲ್ಲದ, ಆ ಹೊಲಗಳಲ್ಲಿ ಕೂಲಿ ಮಾಡುತ್ತಿದ್ದವರಿಗೆ ಬಾಡಿಗೆಯೂ ಇಲ್ಲ, ಕೂಲಿಯೂ ಇಲ್ಲ; ಅದು ಇನ್ನೊಂದು ಲೇಖನ ಬೇಡುವ ವಿಷಯ.

ಈಗ ಮೇಲಿನ ಅಂಕಿಗಳನ್ನೇ ಹಿಡಿದು ಒಂದು ಭಾಗಾಕಾರ ಮಾಡಿ. 2,050 ಮೆಗಾವ್ಯಾಟನ್ನು 13,000 ಎಕರೆಗೆ ಹಂಚಿದರೆ ಎಕರೆಗೆ ಸುಮಾರು 158 ಕಿಲೋವ್ಯಾಟ್. ಕಿಲೋವ್ಯಾಟಿಗೆ ದಿನಕ್ಕೆ ಐದು ಯೂನಿಟ್‌ನಂತೆ ವರ್ಷಕ್ಕೆ ಒಂದು ಎಕರೆಯಲ್ಲಿ ಹುಟ್ಟುವುದು ಹತ್ತಿರಹತ್ತಿರ 2.9 ಲಕ್ಷ ಯೂನಿಟ್. 21,000 ರೂಪಾಯಿಯನ್ನು ಅದರಿಂದ ಭಾಗಿಸಿದರೆ ನೆಲದೊಡೆಯನ ಪಾಲಿಗೆ ಬರುವುದು ಯೂನಿಟ್ಟಿಗೆ ಸುಮಾರು ಏಳು ಪೈಸೆ. ಇದು ಅನ್ಯಾಯ ಎಂದು ಒಮ್ಮೆಗೇ ಹೇಳಿಬಿಡುವಂತಿಲ್ಲ. ಪ್ಯಾನೆಲ್, ಲೈನು, ಸಬ್‌ಸ್ಟೇಷನ್, ಸಾಲದ ಬಡ್ಡಿ, ನಷ್ಟದ ಭಯ, ಎಲ್ಲ ಹೊತ್ತವರು ಬೇರೆಯವರು. ನೆಲ ಮಾತ್ರ ಇವರದು. ಏಳು ಪೈಸೆ ಸರಿಯೋ, ಹತ್ತು ಸರಿಯೋ, ಬಾಡಿಗೆಯ ಬದಲು ಉತ್ಪಾದನೆಯಲ್ಲಿ ಪಾಲು ಕೇಳಬಹುದಿತ್ತೋ ಎಂಬ ಚೌಕಾಸಿಗೆ ಕೂರಬೇಕಾದರೆ ರೂಪಾಯಿಯನ್ನು ಎಕರೆಯಿಂದ ಅಳೆಯುವುದನ್ನು ಬಿಟ್ಟು ಯೂನಿಟ್ಟಿನಿಂದ ಅಳೆಯಲು ಬರಬೇಕು. ಎದುರು ಕೂತ ಕಂಪನಿಯವರು ಯಾವಾಗಲೂ ಯೂನಿಟ್ಟಿನಲ್ಲೇ ಅಳೆಯುತ್ತಾರೆ. ಗುತ್ತಿಗೆಗೆ ಜಮೀನು ಹುಡುಕುತ್ತ ಅವರು ಈಗ ಬೇರೆ ಬೇರೆ ಜಿಲ್ಲೆಗಳ ಹಳ್ಳಿಗಳಿಗೂ ಹೋಗುತ್ತಿದ್ದಾರೆ.